ಕುಳಿತು ಆಡುವ ಆಟ

ಪರದೆ ಸರಿಯಾಗಿಯೇ ಇತ್ತು. ಆದರೂ ಚನ್ನವ್ವ ಮತ್ತೊಮ್ಮೆ ಅದರ ಅಂಚು ಹಿಡಿದು ಎಳೆದು ನೋಡಿದಳು. ತನ್ನ ಮನೆಯ ಪಡಸಾಲೆಯಿಂದ ಬಿಚ್ಚಿ ತಂದ ಕಂದು ಬಣ್ಣದ ದಪ್ಪ ಪರದೆ ಅದು. ಒಗೆದು ಇಸ್ತ್ರಿ ಮಾಡಿಸಿದ್ದರೂ ಒಗ್ಗರಣೆಯ ವಾಸನೆ ಹೋಗಿರಲಿಲ್ಲ. ಹೊರಗೆ ನಿಂತವರಿಗೆ ಒಳಗಿನ ಒಂದು ಕೈಬೆರಳೂ ಕಾಣಬಾರದು ಎಂದು ಅವಳೇ ಮೆಟ್ಟಿಲ ತುದಿಯಲ್ಲಿ ನಿಂತು, ಬಗ್ಗಿ, ಪಕ್ಕಕ್ಕೆ ಸರಿದು ಪರೀಕ್ಷೆ ಮಾಡಿದ್ದಳು. ಕಾಣುವುದಿಲ್ಲ. ಒಳಗೆ ಹೆಂಗಸರ ಕೇರಂ ಬೋರ್ಡುಗಳು, ಎರಡು ಚದುರಂಗ, ನೆಲದ ಮೇಲೆ ಹಾಸಿದ ಪಗಡೆಯ ಬಟ್ಟೆ, ಮೂಲೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ನೀರಿನ ಹೊಸ ಕೊಡ. ಕಿಟಕಿಯಾಚೆ ಗುಡ್ಡದ ಮೇಲಿನ ಕೋಟೆಯ ಗೋಡೆ ಆಗಲೇ ಬಿಸಿಲಿಗೆ ಬಿಳುಚಿಕೊಂಡಿತ್ತು. ಎಲ್ಲವೂ ಅವಳು ಅಂದುಕೊಂಡಂತೆಯೇ ಇತ್ತು. ಹಾಗಿರುವಾಗ ಬೆಳಗಿನಿಂದ ಎದೆಯಲ್ಲಿ ಏನೋ ಮರೆತಂತಹ ಭಾವ ಯಾಕೆ ಅಲುಗುತ್ತಿದೆಯೆಂದು ಅವಳಿಗೆ ತಿಳಿಯಲಿಲ್ಲ. ಒಲೆ ಆರಿಸಿದೆನೇ? ಆರಿಸಿದ್ದೆ. ಬೆಕ್ಕನ್ನು ಹೊರಗೆ ಹಾಕಿದೆನೇ? ಹಾಕಿದ್ದೆ.

ಹೋದ ವರ್ಷ ಕುಳಿತು ಆಡುವ ಆಟಗಳ ಈ ಮೇಳ ಕೆಳಗಿನ ಒಂದೇ ಹಾಲಿನಲ್ಲಿ ನಡೆದಿತ್ತು. ನರಗುಂದ, ರೋಣ, ಗಜೇಂದ್ರಗಡದ ಕಡೆಯಿಂದ ಆಡುವವರೆಲ್ಲ ಬಂದಿದ್ದರು; ಹೆಂಗಸರಿಗೆಂದು ಹಾಲಿನ ಒಂದು ಮೂಲೆ. ಆ ಮೂಲೆಯ ಸುತ್ತ ಗಂಡಸರು ಸಂತೆಯಲ್ಲಿ ಹೋರಿ ನೋಡಲು ಕವಿದಂತೆ ಕವಿದಿದ್ದರು. ಗಜೇಂದ್ರಗಡದ ಕಾಲೇಜಿನ ಪೂಜಾ ಎಂಬ ಹುಡುಗಿ ಬೋರ್ಡಿನ ಮುಂದೆ ಕುಳಿತು ಸ್ಟ್ರೈಕರ್ ಹಿಡಿದಿದ್ದಳು, ಹೊಡೆಯುತ್ತಿರಲಿಲ್ಲ. ಯಾಕೆ ಹೊಡೆಯುತ್ತಿಲ್ಲ ಎಂದು ಚನ್ನವ್ವ ನೋಡಿದ್ದಳು. ಹುಡುಗಿ ನಾಚಿಕೊಂಡಿದ್ದಾಳೆ ಎಂದುಕೊಂಡಿದ್ದಳು. ಅವಳ ಬೆನ್ನಿಗೆ ಹಿಂದಿನವನ ಮೊಣಕಾಲು ಒತ್ತಿಕೊಂಡೇ ಇತ್ತೆಂಬುದು ತಿಳಿದದ್ದು ಹುಡುಗಿ ಎದ್ದು ಬಂದು, ಯಾರ ಮುಖವನ್ನೂ ನೋಡದೆ, "ಅಕ್ಕಾರ, ನಾ ಇನ್ನ ಆಡಂಗಿಲ್ರಿ" ಎಂದಾಗ. ಮುಂದೆ ಕಮಿಟಿಯ ಸಭೆಯಲ್ಲಿ ಹೆಂಗಸರಿಗೆ ಮೇಲಿನ ಕೋಣೆ ಬೇಕು, ಪರದೆ ಬೇಕು, ಮೆಟ್ಟಿಲ ಬುಡದಲ್ಲಿ ಕಾವಲು ಬೇಕು ಎಂದು ಇವಳು ಪಟ್ಟು ಹಿಡಿದಾಗ ಅಧ್ಯಕ್ಷ, ಕಾಳಿನ ಪೇಟೆಯ ಸಾವುಕಾರ ಸಂಗನಬಸವ ನಕ್ಕಿದ್ದ. "ಒಬ್ಬಾಕಿ ಸಲುವಾಗಿ ಇಷ್ಟ ಪಸಾರ ಯಾಕ್ರಿ ಅಕ್ಕಾರ? ಆಟ ಆಡಾಕ ಬರ್ತಾರೋ, ಬಾಣಂತನಕ್ಕ ಬರ್ತಾರೋ?" ಎಲ್ಲರೂ ನಕ್ಕರು. ಚನ್ನವ್ವನೂ ನಕ್ಕಳು. ತಾನು ನಕ್ಕದ್ದು ಮನೆಗೆ ಬಂದು ಚಪ್ಪಲಿ ಬಿಡುವಾಗ ಅವಳಿಗೆ ಮುಳ್ಳಿನಂತೆ ನಾಟಿತು. ಆದರೆ ಸಂಗನಬಸವ ಕೆಟ್ಟವನಲ್ಲ. ಮರುವಾರವೇ ಮೇಲಿನ ಕೋಣೆಯಲ್ಲಿ ತನ್ನ ಕಡಲೆ ಚೀಲಗಳನ್ನು ಖಾಲಿ ಮಾಡಿಸಿದ, ಸುಣ್ಣ ಬಳಿಸಿದ, ಫ್ಯಾನು ಹಾಕಿಸಿದ. ಮೆಟ್ಟಿಲ ಬುಡದ ಹಲಗೆಯ ಮೇಲೆ ಚನ್ನವ್ವ ತನ್ನ ಮೂವತ್ತು ವರ್ಷದ ಸಾಲೆಯ ಅಕ್ಷರದಲ್ಲಿ ಬರೆದಳು: ಮೇಲೆ ಮಹಿಳೆಯರಿಗೆ ಮಾತ್ರ. ಗಂಡಸರು ಮೆಟ್ಟಿಲು ಹತ್ತಬಾರದು. ಪೂಜಾ ಈ ವರ್ಷ ಬಂದಿದ್ದಳು. ಮೇಲೆ ಬಂದು, ಪರದೆ ನೋಡಿ, ಚನ್ನವ್ವನ ಕೈಯನ್ನು ಒಂದು ಸಲ ಒತ್ತಿ ಬಿಟ್ಟಿದ್ದಳು. ಆ ಒತ್ತು ಇನ್ನೂ ಅಂಗೈಯಲ್ಲಿ ಬೆಚ್ಚಗಿತ್ತು.

ಕೆಳಗಿನಿಂದ ಅಮೋಘಸಿದ್ದನ ದನಿ ಬಂತು. "ಅಕ್ಕಾರ, ಒಂದೀಟ ಕೆಳಗ ಬರ್ರಿ." ಪೇಟೆಯ ಹಮಾಲ ಅವನು, ಚೀಲ ಹೊತ್ತು ಹೊತ್ತು ಕುತ್ತಿಗೆ ಹೆಗಲಲ್ಲಿ ಹುಗಿದುಹೋದ ಮನುಷ್ಯ. ಮೆಟ್ಟಿಲ ಕಾವಲಿಗೆ ಅವನನ್ನು ನಿಲ್ಲಿಸಿದ್ದಳು. ಗಂಡಸನೊಬ್ಬ ಹತ್ತಲು ಜಗಳ ತೆಗೆದಿರಬೇಕು ಎಂದುಕೊಂಡು ಮುಖ ಗಂಟಿಕ್ಕಿ ಇಳಿದಳು. ಎರಡು ಗೋಡೆಗಳ ನಡುವೆ ಸಿಕ್ಕಿದ ಕಡಿದಾದ ಕಲ್ಲಿನ ಮೆಟ್ಟಿಲು, ಹಿಡಿಯಲು ಏನೂ ಇಲ್ಲ. ಅವಳ ಮೊಣಕಾಲೂ ಬೆಳಗಿನಿಂದ ಗೊಣಗುತ್ತಿತ್ತು. ಕೊನೆಯ ತಿರುವಿನಲ್ಲಿ ಬೆಳಕು ಬಿದ್ದಲ್ಲಿ ಯಾವಗಲ್ಲ ಹಳ್ಳಿಯ ಬೀಬಿಜಾನ ಕಂಡಳು. ಬೀಬಿಜಾನಳ ಹೆಗಲ ಮೇಲೆ ಕೈಯೂರಿ ಅವಳ ಮಗಳು ನಿಲೋಫರ. ನಿಲೋಫರ ನಿಂತಿದ್ದಳು. ಅವಳು ನಿಂತದ್ದನ್ನು ತಾನು ಈವರೆಗೆ ನೋಡಿಯೇ ಇಲ್ಲ ಎಂಬುದು ಚನ್ನವ್ವನಿಗೆ ಆಗ ಹೊಳೆಯಿತು. ಸಲ್ವಾರಿನ ಅಂಚಿನ ಕೆಳಗೆ ಎರಡೂ ಬದಿ ಕಬ್ಬಿಣದ ಪಟ್ಟಿ ಹಚ್ಚಿದ ಬೂಟುಗಳು. ಹುಡುಗಿ ಯಾರನ್ನೂ ನೋಡುತ್ತಿರಲಿಲ್ಲ. ಮೊದಲ ಹೊಡೆತಕ್ಕೆ ಮುಂಚೆ ಬೋರ್ಡನ್ನು ನೋಡುವಂತೆ ಮೆಟ್ಟಿಲನ್ನು ನೋಡುತ್ತಿದ್ದಳು.

ಮೇಳಕ್ಕೆ ಕರೆಯಲೆಂದು ಚನ್ನವ್ವ ಯಾವಗಲ್ಲಿನ ಅವರ ಮನೆಗೆ ಹೋಗಿದ್ದು ಹಿಂದೊಂದು ಮಧ್ಯಾಹ್ನ. ಬೀಬಿಜಾನ ಹೊಲಿಗೆಯ ಯಂತ್ರದ ಮುಂದೆ, ನಿಲೋಫರ ಚಾಪೆಯ ಮೇಲೆ, ಒಂದು ಕಾಲು ಮಡಚಿ ಇನ್ನೊಂದನ್ನು ದುಪಟ್ಟಾದ ಕೆಳಗೆ ಮುಚ್ಚಿ. ಮುಂದೆ ನೆಲದ ಮೇಲೆ ಹಳೆಯ ಕೇರಂ ಬೋರ್ಡು. ಅದರ ಒಂದು ಮೂಲೆಗೆ ಜಾಲರಿ ಹೋಗಿ ಬೀಬಿಜಾನ ಹೊಲಿದ ಚೀಟಿಬಟ್ಟೆಯ ಚೀಲ. ಚನ್ನವ್ವ ಒಂದಾಟ ಆಡಿದಳು, ಸೋತಳು. ಇನ್ನೊಂದು ಆಡಿದಳು, ಅವಳ ಸರದಿಯೇ ಬರಲಿಲ್ಲ. "ನೀ ಮೇಳಕ್ಕ ಬರಾಕಬೇಕು" ಎಂದಳು. ಹುಡುಗಿ ಕಾಯಿಗಳನ್ನು ಜೋಡಿಸುತ್ತಲೇ, "ನಂಗೂ ಒಮ್ಮಿ ನೋಡಬೇಕಾಗೇತ್ರಿ ಅಕ್ಕಾರ" ಎಂದಿದ್ದಳು. "ಅಣ್ಣ ಅಯಾಜನ ಕೂಡ ಆಡ್ತೀನಿ, ಅಮ್ಮಿ ಕೂಡ ಆಡ್ತೀನಿ. ಅವರು ಭಾಳ ಚಲೋ ಆಡ್ತಿ ಅಂತಾರ. ಮನ್ಯಾಗಿನವರು ಅಂತಾರೋ, ಖರೇನ ಚಲೋ ಆಡ್ತೀನೋ, ಹ್ಯಾಂಗ ಗೊತ್ತಾಗಬೇಕ್ರಿ?" ಆ ಮಾತಿಗೆ ಚನ್ನವ್ವನ ಕಣ್ಣು ತುಂಬಿತ್ತು. ಬೀಬಿಜಾನ ಕೆನೆ ಹಾಕಿದ ಚಹಾ ಕೊಡುತ್ತ, "ಆದ್ರ ಅಕ್ಕಾರ, ಆಕಿ ಕಾಲು…" ಎಂದು ಶುರುಮಾಡಿದ್ದಳು. ಚನ್ನವ್ವ ಅವಳ ಮಾತನ್ನು ಅಲ್ಲಿಗೇ ತಡೆದಿದ್ದಳು. ಒಬ್ಬ ತಾಯಿಗೆ ಮಗಳ ಊನವನ್ನು ಬಾಯಿಬಿಟ್ಟು ಹೇಳುವ ಸಂಕಟ ಬೇಡವೆಂದು. "ಕುಂತ ಆಡೋ ಆಟ ಇದು. ಇದರಾಗ ಕಾಲಿಂದೇನ ಕೆಲಸ ಬೀಬಿಜಾನ?" ಮೂವರೂ ನಕ್ಕಿದ್ದರು. ಎಷ್ಟು ಚೆನ್ನಾಗಿ ಹೇಳಿದೆ ಎಂದು ಬಸ್ಸಿನಲ್ಲಿ ತಾನೇ ತನ್ನನ್ನು ಮೆಚ್ಚಿಕೊಂಡದ್ದೂ ನೆನಪಿದೆ. ಹೊರಡುವಾಗ ಬಾಗಿಲ ಹಿಂದೆ ಈ ಬೂಟುಗಳು ನಿಂತಿದ್ದವು, ಯಾರೋ ಕಾಲುಗಳನ್ನಷ್ಟೇ ಬಿಟ್ಟುಹೋದಂತೆ. ಅವಳು ನೋಡಿದ್ದಳು. ನೋಡಬಾರದ್ದನ್ನು ನೋಡಿದೆನೆಂದು ಕೂಡಲೇ ಕಣ್ಣು ತಿರುಗಿಸಿಕೊಂಡಿದ್ದಳು.

"ಅಯಾಜ ಟ್ರ್ಯಾಕ್ಟರನ್ಯಾಗ ಇಳಿಸಿ ರೋಣಕ್ಕ ಹ್ವಾದ್ರಿ, ಹತ್ತಿ ಹಾಕಾಕ" ಎಂದಳು ಬೀಬಿಜಾನ, ತಪ್ಪು ತನ್ನದೇ ಎಂಬಂತೆ. "ಅಂವ ಇದ್ದಿದ್ರ ಎತ್ತಿ ಒಯ್ದು ಕುಂದರಸ್ತಿದ್ದ. ನನಗ ಸೊಂಟ ಹಿಡಿದೈತ್ರಿ. ಆಟ ಮಾಳಗಿ ಮ್ಯಾಲಂತ ಗೊತ್ತಿರಲಿಲ್ರಿ ಅಕ್ಕಾರ." ಹೌದು, ಹೇಳಿರಲಿಲ್ಲ. ಪರದೆ ಇದೆ ಎಂದು ಹೇಳಿದ್ದಳು, ಕಾವಲು ಇದೆ ಎಂದು ಹೇಳಿದ್ದಳು, ಹೊತ್ತು ಮುಳುಗುವುದರೊಳಗೆ ಮನೆ ಸೇರಿಸುವುದು ನನ್ನ ಜವಾಬ್ದಾರಿ ಎಂದು ಎದೆಯ ಮೇಲೆ ಕೈಯಿಟ್ಟು ಹೇಳಿದ್ದಳು. ಮಾಳಿಗೆ ಎಂದು ಹೇಳುವುದು ತೋಚಿರಲಿಲ್ಲ. ಹಾಲಿನಿಂದ ಸಂಗನಬಸವ ಬಂದ, ಬಿಳಿ ಅಂಗಿಯ ಕಿಸೆಯಲ್ಲಿ ಹೊಸ ಮೊಬೈಲು, ಎದೆಯ ಮೇಲೆ ಕಮಿಟಿಯ ಹೂ. ವಿಷಯ ತಿಳಿದು ಅವನ ಮುಖ ಮೆತ್ತಗಾಯಿತು. "ಅಯ್ಯ ತಂಗಿ, ಇದಕ್ಯಾಕ ಚಿಂತಿ? ನಮ್ಮ ಹಮಾಲರು ಕ್ವಿಂಟಾಲ್ ಚೀಲಾನ ಹೂ ಎತ್ತಿದಂಗ ಎತ್ತತಾರ. ಕುರ್ಚ್ಯಾಗ ಕುಂದರ್ಸಿ ಇಬ್ಬರು ಹಿಡದ್ರ ಆತು. ಏ ಅಮೋಘಸಿದ್ದಾ!" ಅಮೋಘಸಿದ್ದ ತನ್ನ ಕಾಲ್ಬೆರಳು ನೋಡುತ್ತ ನಿಂತ, ಕದಲಲಿಲ್ಲ. ಬೀಬಿಜಾನ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದು, "ಬ್ಯಾಡ್ರಿ ಸಾವ್ಕಾರ್ರ. ವಯಸ್ಸಿಗೆ ಬಂದ ಹುಡುಗಿ" ಎಂದಳು. ಹಾಲಿನ ಬಾಗಿಲಲ್ಲಿ ಆಗಲೇ ಗಂಡಸರ ತಲೆಗಳು ಕಾಣತೊಡಗಿದ್ದವು. ಯಾರೋ ಕೇಳಿದ, "ಏನಾತಲೇ?" ಇನ್ನೊಬ್ಬ ಹೇಳಿದ, "ಕುಂಟಿ ಹುಡುಗಿ ಬಂದೈತಿ, ಆಡಾಕಂತ." ಆ ದನಿಯಲ್ಲಿ ಕೆಡುಕು ಕೂಡ ಇರಲಿಲ್ಲ, ಮಳೆ ಬಂದಿದೆ ಎಂದು ಹೇಳಿದ ಹಾಗಿತ್ತು.

"ಹಿಂಗ ಮಾಡೋಣು" ಎಂದಳು ಚನ್ನವ್ವ; ತನ್ನ ದನಿ ಸಾಲೆಯಲ್ಲಿದ್ದಂತೆ ಗಟ್ಟಿಯಾಗಿರಲಿ ಎಂದು ಪ್ರಯತ್ನಪಟ್ಟಳು. "ಗಂಡಸರು ಮ್ಯಾಲ ಹೋಗ್ಲಿ. ಹೆಂಗಸರು ಕೆಳಗ ಆಡ್ಲಿ. ಪರದಿ ಈ ಬಾಗಲಕ್ಕ ಕಟ್ಟೋಣು." ಎಷ್ಟು ಸರಳ! ಆಡಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಸಂಗನಬಸವ ಅವಳನ್ನು ಕರುಣೆಯಿಂದ ನೋಡಿದ. "ಅಕ್ಕಾರ, ಸ್ಟೇಜ್ ಕೆಳಗ ಐತಿ, ಮೈಕ್ ಕೆಳಗ ಐತಿ. ಅತಿಥಿಗಳಾಗಿ ಕರೆದ ಪಾಹುಣ್ಯಾರು ಬರೋ ಹೊತ್ತಾತು. ನೂರ ಮಂದೀನ ಆ ಕೋಣ್ಯಾಗ ಹ್ಯಾಂಗ ತುಂಬಲಿ? ಒಬ್ಬಾಕಿ ಸಲುವಾಗಿ…" ಅದೇ ಮಾತು. ಹೋದ ವರ್ಷ ಇದೇ ಮಾತಿಗೆ ಅವಳು ನಕ್ಕರೂ ಬಿಟ್ಟಿರಲಿಲ್ಲ. ಈಗಲೂ ಬಿಡಬಾರದು. ಒಳಗೆ ಮೊದಲ ಸುತ್ತಿನ ಗಂಟೆ ಹೊಡೆಯಿತು. ಮೇಲೆ ಹೆಂಗಸರು ಕಾಯುತ್ತಿದ್ದಾರೆ, ಪೂಜಾ ಕಾಯುತ್ತಿದ್ದಾಳೆ, ಬೆಳಗಿನಿಂದ ಒಂದೊಂದೇ ಇಟ್ಟು ಹೊಂದಿಸಿದ್ದೆಲ್ಲ ಹಾಗೆಯೇ ಇದೆ. "ಅದೂ ಖರೇ" ಎಂದುಬಿಟ್ಟಳು. ಬಾಯಿ ತಾನಾಗಿಯೇ ಅಂದಿತು. ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ ಅವಳು ತಡಕಾಡುತ್ತಿರುವಾಗಲೇ ನಿಲೋಫರ ಮೊದಲ ಸಲ ಮಾತಾಡಿದಳು.

"ಬ್ಯಾಡ್ರಿ ಅಕ್ಕಾರ. ನಾ ಹತ್ತತೀನಿ. ಆದ್ರ ಯಾರೂ ನೋಡಬಾರದು."

ಮೇಲಿನ ಪರದೆಯನ್ನು ಬಿಚ್ಚಿ ತಂದು ಮೆಟ್ಟಿಲ ಬುಡಕ್ಕೆ ಅಡ್ಡ ಹಿಡಿಯಬೇಕಾಯಿತು. ಅಷ್ಟರಲ್ಲಿ ಅಮೋಘಸಿದ್ದ ಮೆಲ್ಲಗೆ ಕೇಳಿದ, "ನಾ ಒಮ್ಮಿ ಹತ್ತಿ ಇಳೀಲೇನ್ರಿ? ಮೆಟ್ಲ ಮ್ಯಾಲ ಚೀಲದ ಕಾಳು, ಕಲ್ಲಿನ ಹಳ್ಳು ಬಿದ್ದಾವು. ಕೈಗೆ ಚುಚ್ಚತಾವು." ಚನ್ನವ್ವ ತಲೆಯಾಡಿಸಿದಳು. ಅವನು ತಲೆಗೆ ಸುತ್ತಿದ ಟವೆಲ್ ಬಿಚ್ಚಿ ತುದಿಯಿಂದ ಬುಡದವರೆಗೆ ಒಂದೊಂದೇ ಮೆಟ್ಟಿಲು ಒರೆಸುತ್ತ ಇಳಿದು, ಕಸವನ್ನು ಟವೆಲಿನಲ್ಲೇ ಗಂಟು ಹಾಕಿಕೊಂಡು, ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಬಾಗಿಲಲ್ಲಿದ್ದ ಗಂಡಸರಿಗೆ, "ಹೋಗ್ರಿ ಒಳಗ, ಇಲ್ಲೇನ ಕೋಡಗ ಕುಣೀತೈತಿ?" ಎಂದು ಗದರಿದ್ದೂ ಅವನೇ. ನಿಲೋಫರ ಬೂಟು ಬಿಚ್ಚಿ ಅಮ್ಮಿಯ ಕೈಗೆ ಕೊಟ್ಟಳು. ಮೊದಲ ಮೆಟ್ಟಿಲ ಮೇಲೆ ಬೆನ್ನನ್ನು ಮೇಲಿನ ಮೆಟ್ಟಿಲುಗಳ ಕಡೆ ಮಾಡಿ ಕುಳಿತು, ಎರಡೂ ಅಂಗೈಗಳನ್ನು ಹಿಂದಿನ ಮೆಟ್ಟಿಲಿಗೆ ಊರಿದಳು. ಯಾರೂ ನೋಡಬಾರದು ಎಂದಿದ್ದಳಲ್ಲ, ಆ ಯಾರೂ ಎನ್ನುವುದರಲ್ಲಿ ತಾನೂ ಸೇರಿದ್ದೇನೋ ಇಲ್ಲವೋ ಎಂದು ಚನ್ನವ್ವನಿಗೆ ತಿಳಿಯಲಿಲ್ಲ. ಪರದೆಯ ನೇಯ್ಗೆಯನ್ನೇ ದಿಟ್ಟಿಸಿದಳು. ಅಲ್ಲೊಂದು ಅರಿಷಿಣದ ಕಲೆ ಉಳಿದಿತ್ತು. ಬೆನ್ನ ಹಿಂದೆ ಅಂಗೈ ಕಲ್ಲಿಗೆ ಬಡಿಯುವ ಸದ್ದು, ಆಮೇಲೆ ಉಸಿರು, ಆಮೇಲೆ ಬಟ್ಟೆ ಕಲ್ಲಿಗೆ ಉಜ್ಜುವ ಸದ್ದು, ಮತ್ತೆ ಅಂಗೈ. ನಾನು ಅವರ ಮನೆಯಲ್ಲಿ ಆಗಲೂ ನೋಡಲಿಲ್ಲ, ಈಗಲೂ ನೋಡುತ್ತಿಲ್ಲ ಎಂದುಕೊಂಡಳು. ಮರ್ಯಾದೆ ಎಂದರೆ ಇದೇ ಎಂದು ಅವಳಿಗೆ ಚಿಕ್ಕಂದಿನಿಂದ ಕಲಿಸಿದ್ದರು: ಬಡವರ ತಾಟಿನಲ್ಲಿ ಏನಿದೆಯೆಂದು ನೋಡಬಾರದು, ಅಳುವವರ ಮುಖ ನೋಡಬಾರದು, ಕುಂಟುವವರ ಕಾಲು ನೋಡಬಾರದು. ಹಾಗೆ ನೋಡದೇ ನೋಡದೇ ಅವಳಿಗೆ ಇಷ್ಟು ವಯಸ್ಸಾಗಿತ್ತು.

ಪರದೆಯನ್ನು ಮತ್ತೆ ಮೇಲೆ ಕಟ್ಟಿದರು. ಅಲ್ಲಿ ಇನ್ನೊಂದು ತೊಡಕು ಕಾದಿತ್ತು. ಬೋರ್ಡುಗಳೆಲ್ಲ ಎತ್ತರದ ಸ್ಟ್ಯಾಂಡಿನ ಮೇಲೆ. ಕೂರಲು ಕೈಯಿಲ್ಲದ ಪ್ಲಾಸ್ಟಿಕ್ ಕುರ್ಚಿ. ನಿಲೋಫರ ಅದರ ಮೇಲೆ ಒಂದು ಕ್ಷಣ ಕುಳಿತು, ಹೊಡೆಯಲು ಬಾಗಿದ ಕೂಡಲೇ ಪಕ್ಕಕ್ಕೆ ವಾಲಿದಳು. ತೀರ್ಪಿಗೆ ಕುಳಿತ ರೋಣದ ಟೀಚರು ಕುರ್ಚಿ ಬಿಟ್ಟು ಆಡುವುದು ನಿಯಮದಲ್ಲಿ ಇಲ್ಲ ಎಂದರು. ಅವರು ಹೇಳಿದ್ದು ಸರಿಯೇ. ಎಲ್ಲರೂ ಚನ್ನವ್ವನ ಮುಖ ನೋಡಿದರು. ಅವಳು ಏನನ್ನಾದರೂ ಹೇಳುವ ಮೊದಲೇ ಪೂಜಾ ಬೋರ್ಡಿನ ಒಂದು ಬದಿ ಹಿಡಿದು, "ಹಿಡೀರಿ ಆ ಕಡೆ. ನೆಲದ ಮ್ಯಾಲ ಆಡೋಣು. ನಮ್ಮನಿಯಾಗೂ ನೆಲದ ಮ್ಯಾಲ ಆಡ್ತೀವಿ" ಎಂದಳು. ಬೋರ್ಡು ಇಳಿಯಿತು. ಪಗಡೆಯ ಹೆಂಗಸರು ತಮ್ಮ ಜಮಖಾನೆಯ ಅರ್ಧವನ್ನು ಈ ಕಡೆ ಸರಿಸಿದರು. ನಿಲೋಫರ ಅಂಗೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡಳು. ಬಲಗೈಯ ಬುಡದಲ್ಲಿ ಚರ್ಮ ತರಚಿತ್ತು. ಚನ್ನವ್ವ ಕೊಡದಿಂದ ನೀರು ತುಂಬಿ ತಂದಳು. "ಕುಡಿ ತಂಗಿ, ದಣದೀ." "ಬ್ಯಾಡ್ರಿ ಅಕ್ಕಾರ." "ತಣ್ಣಗ ಐತಿ." "ಬ್ಯಾಡ್ರಿ." ನಿಲೋಫರ ಬೆರಳಿನಿಂದ ಬೋರ್ಡಿನ ಮೇಲೆ ಪೌಡರು ಸವರಿದಳು, ಸ್ಟ್ರೈಕರನ್ನು ಒಮ್ಮೆ ತಿರುಗಿಸಿದಳು. ಮೊದಲ ಹೊಡೆತಕ್ಕೇ ಎರಡು ಕಾಯಿ ಎರಡು ಮೂಲೆಗೆ ಸರಿದು ಬಿದ್ದವು. ಎದುರು ಕುಳಿತ ಅಸೂಟಿ ಊರಿನ ಹೆಣ್ಣುಮಗಳು "ಯವ್ವಾ" ಎಂದಳು. ಆಟ ಮುಗಿದಾಗ ಅವಳೇ ಎದ್ದು ಬಂದು ನಿಲೋಫರಳ ಗಲ್ಲ ಮುಟ್ಟಿ ಮುದ್ದು ತೆಗೆದುಕೊಂಡಳು. ನಿಲೋಫರಳ ಮುಖದಲ್ಲಿ ನಗು ಎನ್ನುವಂಥದ್ದು ಇರಲಿಲ್ಲ. ಏನೋ ಒಂದನ್ನು ಬಹಳ ದಿನದಿಂದ ಕೈಯಲ್ಲಿ ಬಿಗಿಹಿಡಿದುಕೊಂಡವಳು ಮುಷ್ಟಿಯನ್ನು ಸ್ವಲ್ಪ ಸಡಿಲಿಸಿದ ಹಾಗಿತ್ತು. ಚನ್ನವ್ವನಿಗೆ ಅಳು ಬಂತು. ಎಲ್ಲ ಸರಿಹೋಯಿತು, ಎಲ್ಲ ಸರಿಯಾಗೇ ಇದೆ ಎಂದು ತನಗೆ ತಾನೇ ಹೇಳಿಕೊಂಡಳು.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೆಳಗಿಳಿದರು. ಚನ್ನವ್ವ ತನಗೂ ತಾಯಿ ಮಗಳಿಗೂ ರೊಟ್ಟಿ, ಬದನೆಕಾಯಿ ಪಲ್ಯ, ಮಜ್ಜಿಗೆ ಮೇಲಕ್ಕೇ ತರಿಸಿಕೊಂಡಳು. ಬೀಬಿಜಾನ ಮಜ್ಜಿಗೆ ಕುಡಿದಳು. ನಿಲೋಫರ ಒಣ ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮುರಿದು, ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡು ನುಂಗುತ್ತಿದ್ದಳು. ತುಟಿ ಒಣಗಿ ಬಿಳಿಯ ಪೊರೆ ಎದ್ದಿತ್ತು. "ಮಜ್ಜಿಗಿ ಆದ್ರೂ ಕುಡಿ" ಎಂದು ಚನ್ನವ್ವ ಲೋಟವನ್ನು ಅವಳ ಕೈಗೇ ಹಿಡಿಸಹೋದಳು. ಮಾತು ಮುಂದುವರಿಸಲೆಂದು, ಈ ವರ್ಷದ ಏರ್ಪಾಟುಗಳನ್ನು ಹೇಳತೊಡಗಿದಳು: ಸಂಡಾಸವನ್ನು ತಾನೇ ನಿಂತು ತೊಳೆಸಿದ್ದು, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದ್ದು, ಬಕೆಟ್ಟು, ಸಾಬೂನು. "ಹಿತ್ತಲದಾಗ ಐತಿ. ಗಟಾರದ ಮ್ಯಾಲ ಹಲಗಿ ಹಾಕ್ಸೀನಿ, ಜಿಗದು ಹೋಗೋದು ಬ್ಯಾಡಂತ." ಬೀಬಿಜಾನ ರೊಟ್ಟಿಯ ಪುಡಿಯನ್ನು ಸೆರಗಿಗೆ ಬಳಿದುಕೊಳ್ಳುತ್ತ, ನೋಯಿಸದಂತೆ ಬಹಳ ಮೆತ್ತಗೆ ಹೇಳಿದಳು: "ಮುಂಜಾನಿಂದ ನೀರ ಕೊಟ್ಟಿಲ್ರಿ ಆಕಿಗೆ. ಎಲ್ಲಿಗೆ ಹ್ವಾದ್ರೂ ಹಿಂಗ ಮಾಡ್ತೀವಿ. ಮನಿಗೆ ಹ್ವಾದಮ್ಯಾಲ ಕುಡೀತಾಳ. ರೂಢಿ ಐತ್ರಿ." ಮಜ್ಜಿಗೆಯ ಲೋಟ ಚನ್ನವ್ವನ ಕೈಯಲ್ಲೇ ಉಳಿಯಿತು. ಮೆಟ್ಟಿಲು, ಹಿತ್ತಲು, ಗಟಾರ, ಹಲಗೆ. ತಾನು ಬೆಳಗಿನಿಂದ ಎಷ್ಟು ಸಲ ಒತ್ತಾಯ ಮಾಡಿದೆ? ತಣ್ಣಗಿದೆ, ತಣ್ಣಗಿದೆ ಎಂದು. ಕಿಟಕಿಯಾಚೆ ಕೋಟೆ ಬಿಸಿಲಲ್ಲಿ ಅಲುಗುವಂತೆ ಕಾಣುತ್ತಿತ್ತು.

ಪೂಜಾಳಿಗೂ ನಿಲೋಫರಳಿಗೂ ಆಟ ಇನ್ನೇನು ಶುರುವಾಗಬೇಕು. ಇಬ್ಬರಲ್ಲಿ ಗೆದ್ದವಳು ಫೈನಲ್ಲಿಗೆ. ಕೆಳಗಿನಿಂದ ಸಂಗನಬಸವ ಕೂಗಿದ, "ಅಕ್ಕಾರ! ನಿಮ್ಮ ನಿಯಮ ಐತೆಲ್ಲ, ನಾ ಹತ್ತಂಗಿಲ್ಲ, ನೀವ ಇಳೀರಿ!" ಅವನ ದನಿಯಲ್ಲಿ ಸಂಭ್ರಮ ಇತ್ತು. ಚನ್ನವ್ವ ಮೆಟ್ಟಿಲ ತುದಿಗೆ ಬಂದು ನಿಂತಳು. "ಪಾಹುಣ್ಯಾರಿಗೆ ಹೆಣ್ಣಮಕ್ಕಳ ಆಟ ನೋಡಬೇಕಂತ. ನಿಮ್ಮ ಏರ್ಪಾಟ ಕೇಳಿ ಭಾಳ ಖುಷಿ ಆಗ್ಯಾರ. ಫೈನಲ್ ಸ್ಟೇಜಿನ ಮ್ಯಾಲ ಆಡಸೋಣು. ಎಲ್ಲರ ಮುಂದ! ನೀವ ಎರಡ ಮಾತ ಹೇಳ್ರಿ ಮೈಕಿನ್ಯಾಗ." ಎದೆಯಲ್ಲಿ ಏನೋ ಬೆಚ್ಚಗೆ ಅರಳಿತು, ತಡೆಯಲಾಗಲಿಲ್ಲ. ವೇದಿಕೆ ಎತ್ತರ ಇದೆ, ಹಿಂದೆ ಗೋಡೆ ಇದೆ, ಯಾರೂ ಹತ್ತಿರ ಬರಲಾಗುವುದಿಲ್ಲ, ತಾನು ಪಕ್ಕದಲ್ಲೇ ನಿಂತಿರುತ್ತೇನೆ ಎಂದು ಮನಸ್ಸು ಚುರುಕಾಗಿ ಜೋಡಿಸಿಕೊಂಡಿತು. "ಆಗ್ಲಿ" ಎಂದಳು. ತಿರುಗಿದಾಗ ಇಬ್ಬರು ಹುಡುಗಿಯರೂ ಅವಳನ್ನೇ ನೋಡುತ್ತಿದ್ದರು. ಪೂಜಾ ಕೇಳಿದಳು, "ನೀವ ನನ್ನ ಹಿಂದನ ನಿಂತಿರ್ತೀರಿ ಹೌದಿಲ್ರಿ ಅಕ್ಕಾರ?" ನಿಲೋಫರ ತನ್ನ ತರಚಿದ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು, ಅಷ್ಟೆ.

ಆಟ ನಿಲೋಫರಳದೇ ಆಗಿತ್ತು. ಬಿಳಿ ಕಾಯಿಗಳು ಅವಳು ಹೇಳಿದ ಕಡೆ ಹೋದವು. ಬೋರ್ಡಿನ ಪಕ್ಕೆಗೆ ಬಡಿದು ತಿರುಗಿ ಬಂದು ಬಿದ್ದವು. ಕಪ್ಪಿನ ನಡುವೆ ದಾರಿಯೇ ಇಲ್ಲದ ಕಡೆ ದಾರಿ ಮಾಡಿಕೊಂಡವು. ಪೂಜಾ ತನ್ನ ಸರದಿ ಮರೆತು ನೋಡುತ್ತಿದ್ದಳು. ಪಗಡೆಯ ಹೆಂಗಸರು ದಾಳ ಬಿಟ್ಟು ಬಂದು ಸುತ್ತ ಕುಳಿತಿದ್ದರು. ಯಾರೂ ಯಾರ ಬೆನ್ನಿಗೂ ಒತ್ತಿರಲಿಲ್ಲ. ಕೊನೆಗೆ ಕೆಂಪು ರಾಣಿಯೂ ಬಿತ್ತು. ಅದರ ಬೆನ್ನಿಗೇ ಒಂದು ಬಿಳಿ ಕಾಯಿ ಬಿದ್ದರೆ ಮುಗಿಯಿತು, ಮತ್ತು ಆ ಕೊನೆಯ ಕಾಯಿ ಮೂಲೆಯ ತೂತಿನ ಬಾಯಲ್ಲೇ ಅರ್ಧ ಒಳಗೆ ವಾಲಿ ನಿಂತಿತ್ತು. ಕೂಸು ಊದಿದರೂ ಬೀಳುತ್ತಿತ್ತು. ನಿಲೋಫರ ಸ್ಟ್ರೈಕರ್ ಇಟ್ಟಳು. ತೆಗೆದಳು. ಪರದೆಯ ಕಡೆ, ಪರದೆಯಾಚೆಯ ಮೆಟ್ಟಿಲ ಕಡೆ ಒಮ್ಮೆ ನೋಡಿದಳು. ಮತ್ತೆ ಇಟ್ಟಳು, ಹೊಡೆದಳು. ಸ್ಟ್ರೈಕರ್ ಕಾಯಿಯ ಪಕ್ಕದಿಂದ, ಕೂದಲೆಳೆಯಷ್ಟು ಬಿಟ್ಟು ಹಾದು, ಪಕ್ಕೆಗೆ ಬಡಿದು, ಸಾವಕಾಶವಾಗಿ ಅವಳ ಕಡೆಗೇ ತಿರುಗಿ ಬಂತು. ಅಷ್ಟು ಹತ್ತಿರದಿಂದ ಮುಟ್ಟದೇ ಹೋಗುವುದಕ್ಕೆ ಕೈ ಎಷ್ಟು ನಿಖರವಾಗಿರಬೇಕು! ಹೆಂಗಸರೆಲ್ಲ "ಛೇ ಛೇ" ಎಂದರು. ಪೂಜಾ ಮಾತ್ರ ನಿಲೋಫರಳ ಮುಖ ನೋಡಿದಳು. "ಕೈ ಜಾರಿತೇನ? ಮತ್ತ ಹೊಡಿ. ನಾ ಏನೂ ಅನ್ನಂಗಿಲ್ಲ. ಹೊಡಿ" ಎಂದು ಸ್ಟ್ರೈಕರನ್ನು ಅವಳ ಕಡೆಗೇ ಸರಿಸಿದಳು. ನಿಲೋಫರ ಅದನ್ನು ಹಿಂದಕ್ಕೆ ಸರಿಸಿದಳು. "ಆಟ ಅಂದ್ರ ಆಟ ಅಕ್ಕಾ. ನಿನ್ನ ಸರದಿ." ನಿಯಮದಂತೆ ರಾಣಿಯನ್ನು ತೆಗೆದು ಮತ್ತೆ ನಡುವೆ ಇಟ್ಟದ್ದೂ ಅವಳೇ. ಮುಂದಿನದೆಲ್ಲ ಲಗುಬಗೆಯಿಂದ ಮುಗಿಯಿತು. ಅವಳ ಸರದಿ ಬಂದಾಗಲೆಲ್ಲ ಸ್ಟ್ರೈಕರ್ ಅಷ್ಟೇ ನಿಖರವಾಗಿ ಆ ಕಾಯಿಯ ಪಕ್ಕದಿಂದ ಹಾದುಹೋಯಿತು. ಕೂಗಿ ಹೇಳಬೇಕು ಎನಿಸಿತು ಚನ್ನವ್ವನಿಗೆ: ಫೈನಲ್ ಇಲ್ಲೇ ಆಡಿಸುತ್ತೇನೆ, ಸ್ಟೇಜು ಬೇಡ, ಪಾಹುಣ್ಯಾರು ಬೇಡ, ಹೊಡಿ ತಂಗಿ. ಕೆಳಗಿನಿಂದ ಮೈಕಿನಲ್ಲಿ ಅವಳ ಹೆಸರು ಕೇಳಿಬರುತ್ತಿತ್ತು. ಶ್ರೀಮತಿ ಚನ್ನವ್ವ ಟೀಚರ್ ಅವರ ದಕ್ಷ ಮಾರ್ಗದರ್ಶನದಲ್ಲಿ ಎಂದು ಯಾರೋ ಓದುತ್ತಿದ್ದರು.

"ಇನ್ನ ಇಳಿಯಬಹುದೇನ್ರಿ ಅಕ್ಕಾರ?" ಎಂದಳು ನಿಲೋಫರ.

ಇಳಿಯುವಾಗಲೂ ಪರದೆ ಹಿಡಿದರು. ಈ ಸಲ ಚನ್ನವ್ವ ತಿರುಗಿ ನೋಡಿದಳು. ಹುಡುಗಿ ಒಂದೊಂದೇ ಮೆಟ್ಟಿಲು ಜಾರಿ ಬರುತ್ತಿದ್ದಳು. ಕೂದಲು ಬೆವರಿಗೆ ಹಣೆಗೆ ಅಂಟಿತ್ತು. ಕಾಲುಗಳು ಅವಳ ಮುಂದೆ, ಅವಳಿಗೆ ಸಂಬಂಧವಿಲ್ಲದಂತೆ, ತಾವೇ ಬರುತ್ತಿದ್ದವು. ಕಣ್ಣಿಗೆ ಕಣ್ಣು ಕೂಡಿತು. ನಿಲೋಫರ ಮುಖ ತಿರುಗಿಸಲಿಲ್ಲ. ಬೀದಿಯಲ್ಲಿ ಅಯಾಜನ ಟ್ರ್ಯಾಕ್ಟರು ಬಂದು ನಿಂತಿತ್ತು. ಅಮೋಘಸಿದ್ದ ಎಲ್ಲಿಂದಲೋ ಎರಡು ಖಾಲಿ ಚೀಲ ತಂದು ಟ್ರೇಲರಿನ ತಳಕ್ಕೆ ಹಾಸುತ್ತಿದ್ದ. ಅಣ್ಣ ಬೂಟು ತೊಡಿಸಲು ಬಾಗಿದಾಗ ನಿಲೋಫರ ಚನ್ನವ್ವನನ್ನು ಕರೆದು, ಯಾರಿಗೂ ಕೇಳಿಸದಂತೆ ಹೇಳಿದಳು, "ನೋಡಬೇಕಂದಿದ್ನೆಲ್ರಿ ಅಕ್ಕಾರ, ಖರೇನ ಚಲೋ ಆಡ್ತೀನೋ ಇಲ್ಲೋ ಅಂತ. ನೋಡಿದೆ." ದುಪಟ್ಟಾ ಸರಿಪಡಿಸಿಕೊಂಡು, "ಮನ್ಯಾಗ ಹೇಳೂದು ಖರೇನ ಐತಿ" ಎಂದಳು. ಬೀಬಿಜಾನ ಎರಡೂ ಕೈ ಮುಗಿದಳು. "ನಿಮಗ ಭಾಳ ತ್ರಾಸ ಕೊಟ್ಟಿವ್ರಿ. ಮನಸಿನ್ಯಾಗ ಇಟಗೋಬ್ಯಾಡ್ರಿ." ಟ್ರ್ಯಾಕ್ಟರು ಕಾಳಿನ ಧೂಳೆಬ್ಬಿಸಿ ಹೊರಟಿತು. ಯಾವಗಲ್ಲು ಮುಟ್ಟುವವರೆಗೆ ಅವಳು ನೀರು ಕುಡಿಯುವುದಿಲ್ಲ ಎಂದು ಚನ್ನವ್ವ ಯೋಚಿಸಿದಳು. ಧೂಳೆಲ್ಲ ಅವಳ ಬಾಯಿಗೇ ಹೋಗುತ್ತದೆ.

ಸ್ಟೇಜಿನ ಮೇಲೆ ಫೈನಲ್ ನಡೆಯಿತು. ಪೂಜಾ ಬೆನ್ನನ್ನು ಗೋಡೆಗೆ ಒತ್ತಿಕೊಂಡು ಕುಳಿತು ಆಡಿದಳು, ಸೋತಳು. ಗಂಡಸರು ಶಿಳ್ಳೆ ಹೊಡೆದರು. ಆಮೇಲೆ ಸಂಗನಬಸವ ಮೈಕನ್ನು ಚನ್ನವ್ವನ ಎತ್ತರಕ್ಕೆ ಇಳಿಸಿ, "ಹೇಳ್ರಿ ಅಕ್ಕಾರ" ಎಂದು ಪ್ರೀತಿಯಿಂದ ಬದಿಗೆ ಸರಿದ. ಎದುರಿಗೆ ನೂರು ಮುಖಗಳು. ಹಿಂದೆ, ಬಾಗಿಲ ಹತ್ತಿರ, ಟವೆಲಿಲ್ಲದ ಬರಿದಲೆಯಲ್ಲಿ ಅಮೋಘಸಿದ್ದ ನಿಂತಿದ್ದ. ಅವಳು ಏನು ಹೇಳುತ್ತಾಳೆಂದು ಅವನೊಬ್ಬನೇ ನಿಜವಾಗಿ ಕಾಯುತ್ತಿರುವಂತೆ ಕಂಡಿತು. ಹೇಳಬೇಕಾದದ್ದು ಅವಳಿಗೆ ಗೊತ್ತಿತ್ತು. ಈ ಮೇಳದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿದವಳು ಈ ವೇದಿಕೆಯ ಮೇಲೆ ಇಲ್ಲ. ಅವಳು ಯಾಕೆ ಇಲ್ಲವೆಂದರೆ… ಅಷ್ಟು ಹೇಳಿದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ. ಬಾಯಿ ತೆರೆದಳು. ಮುಖ್ಯ ಅತಿಥಿ ಅವಳ ಕಡೆ ತಿರುಗಿ ಮೆಚ್ಚುಗೆಯಿಂದ ಮುಗುಳ್ನಕ್ಕರು. "ಎಲ್ಲಾ…" ಎಂದಳು. "ಎಲ್ಲಾ ವ್ಯವಸ್ಥೆ ಭಾಳ ಚೆನ್ನಾಗಿ ಆಗಿದೆ. ಅಧ್ಯಕ್ಷರಿಗೆ, ಕಮಿಟಿಯವರಿಗೆ…" ಅಲ್ಲಿಗೆ ದನಿ ನಿಂತಿತು. ಗಂಟಲು ಒಣಗಿ ಅಂಟಿಕೊಂಡಿತ್ತು. ಚಪ್ಪಾಳೆ ತಟ್ಟಲು ಎತ್ತಿದ ಕೈಗಳು ಹಾಗೆಯೇ ನಿಂತವು. "ಅಕ್ಕಾರು ದಣದಾರ, ಮುಂಜಾನಿಂದ ನಿಂತಾರ, ನೀರ ಕೊಡ್ರಿ ಲಗೂನ" ಎಂದ ಸಂಗನಬಸವ, ಮತ್ತು ತಾನೇ ಓಡಿಹೋಗಿ ಸ್ಟೀಲಿನ ದೊಡ್ಡ ಲೋಟದ ತುಂಬ ನೀರು ತಂದು, ಸೋರದಂತೆ ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ. ಬೇಡ ಎನ್ನಬೇಕು ಎಂದುಕೊಳ್ಳುತ್ತಲೇ ಚನ್ನವ್ವ ಲೋಟ ತೆಗೆದುಕೊಂಡಳು. ನೀರು ತಣ್ಣಗಿತ್ತು. ಮೈಕು ಅವಳ ಗಂಟಲ ಸದ್ದನ್ನೆಲ್ಲ ಹಾಲಿನ ತುಂಬ ಹರಡುತ್ತಿರಲು, ಎಲ್ಲರೂ ಸಹಾನುಭೂತಿಯಿಂದ ಕಾಯುತ್ತಿರಲು, ಅವಳು ಲೋಟದ ತಳ ಕಾಣುವವರೆಗೆ, ನಿಲ್ಲಿಸದೆ, ಎಲ್ಲವನ್ನೂ ಕುಡಿದಳು.